ಐದನೇ ಹಬ್ಬದ ರಜೆ ಮತ್ತು ಶಿಫ್ಟ್ ಪಟ್ಟಿ

ಡಿಸೆಂಬರ್ ಹತ್ತಿರವಾದರೆ ಕರ್ನಾಟಕದ ಕಾರ್ಖಾನೆಗಳಲ್ಲಿ ಮುಂದಿನ ವರ್ಷದ ರಜೆ ಪಟ್ಟಿಯ ಮಾತು ಶುರುವಾಗುತ್ತದೆ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಐದು ದಿನಗಳನ್ನು ಖಾಯಂ ಮಾಡಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವುಗಳ ಮೇಲೆ ಇನ್ನೈದು ಹಬ್ಬದ ರಜೆ ಉಂಟು. ಅವು ಯಾವುವು ಎಂಬುದನ್ನು ಮಾಲೀಕರನ್ನೂ ಕೆಲಸಗಾರರನ್ನೂ ಕೇಳಿಯೇ ಗೊತ್ತುಮಾಡಬೇಕು. ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿ ಇವಕ್ಕೆ ಹೆಚ್ಚಿನ ಕಡೆ ಚರ್ಚೆಯೇ ಬೇಕಿಲ್ಲ. ಮಾತು ಬೆಳೆಯುವುದು ಐದನೆಯದಕ್ಕೆ. ಸಂಕ್ರಾಂತಿಯೋ, ರಂಜಾನೋ, ಶಿವರಾತ್ರಿಯೋ, ಕ್ರಿಸ್‌ಮಸ್ಸೋ? ಹೆಂಗಸರೇ ಹೆಚ್ಚಿರುವ ಗಾರ್ಮೆಂಟ್ಸ್‌ನಲ್ಲಿ ವರಮಹಾಲಕ್ಷ್ಮಿ ಬೇಕೇ ಬೇಕು ಅನ್ನುತ್ತಾರೆ. ಆ ಹಬ್ಬ ಯಾವಾಗಲೂ ಶುಕ್ರವಾರವೇ. ಶುಕ್ರವಾರ ರಜೆ ಕೊಟ್ಟು ಶನಿವಾರ ಬನ್ನಿ ಅಂದರೆ ಊರಿಗೆ ಹೋದವರು ಬರುವುದಿಲ್ಲ, ಅರ್ಧ ಲೈನು ಖಾಲಿ. ಹಾಗಾಗಿ ಆ ಶನಿವಾರವನ್ನೂ ಬಿಟ್ಟು ಬದಲಿಗೆ ಇನ್ನೊಂದು ಭಾನುವಾರ ಕೆಲಸ ಮಾಡೋಣ ಎಂಬ ಒಪ್ಪಂದಕ್ಕೆ ಬರುತ್ತಾರೆ. ಪಟ್ಟಿ ನೋಟಿಸ್ ಬೋರ್ಡಿಗೆ ಏರುತ್ತದೆ, ವರ್ಷವಿಡೀ ಅದರ ಬಗ್ಗೆ ಜಗಳವಿಲ್ಲ.

ಈ ಸಣ್ಣ ಸಂಗತಿಯನ್ನು ಗಮನವಿಟ್ಟು ನೋಡಬೇಕು. ಇಲ್ಲಿ ಕೇಳುವುದು ಮೊದಲು, ತೀರ್ಮಾನ ಆಮೇಲೆ. ಮಿತಿ ಎಲ್ಲರಿಗೂ ಗೊತ್ತು: ಐದೇ ರಜೆ, ಆರನೆಯದನ್ನು ಯಾರೂ ಕೇಳುವುದಿಲ್ಲ. ಒಂದನ್ನು ತಗೊಂಡರೆ ಇನ್ನೊಂದು ಕೈಬಿಡುತ್ತದೆ ಎಂಬುದು ಕಣ್ಣೆದುರಿಗಿದೆ. ಯಾವ ಹಬ್ಬಕ್ಕೆ ಎಷ್ಟು ಕೈ ಎದ್ದವು ಎಂಬ ಎಣಿಕೆ ಇದೆ, ಹಾಗಾಗಿ ತಮ್ಮ ಹಬ್ಬ ಬರದವರಿಗೂ ಕಾರಣ ಗೊತ್ತು. ಕಂಪನಿಗೂ ಲಾಭವೇ. ಯಾವ ದಿನ ಜನ ಬರುವುದಿಲ್ಲ ಎಂಬುದು ಹನ್ನೆರಡು ತಿಂಗಳು ಮೊದಲೇ ತಿಳಿದರೆ ರವಾನೆಯ ತಾರೀಕನ್ನು ಅದಕ್ಕೆ ತಕ್ಕಂತೆ ಕೂಡಿಸಬಹುದು.

ಅದೇ ಕಾರ್ಖಾನೆಯಲ್ಲಿ ಫೆಬ್ರವರಿಯ ಒಂದು ಸೋಮವಾರ ಶಿಫ್ಟ್ ಸಮಯ ಬದಲಾದ ನೋಟಿಸ್ ಅಂಟಿರುತ್ತದೆ. ಮಗುವನ್ನು ಶಾಲೆಗೆ ಬಿಟ್ಟು ಬರುವವಳು, ಮಾಲೂರಿನಿಂದ ರೈಲು ಹಿಡಿಯುವವನು, ಕೊನೆಯ ಬಸ್ಸಿಗೆ ಓಡುವವರು ಎಲ್ಲರೂ ಅದನ್ನು ಗೇಟಿನ ಬಳಿ ಮೊದಲ ಸಲ ಓದುತ್ತಾರೆ. ಹಬ್ಬದ ರಜೆಯಷ್ಟು ಸಣ್ಣ ವಿಷಯದಲ್ಲಿ ಕೇಳುವ ಕ್ರಮ ಗೊತ್ತಿದ್ದವರಿಗೆ, ದಿನದ ಎಂಟು ಗಂಟೆಯ ವಿಷಯದಲ್ಲಿ ಅದೇ ಕ್ರಮ ಯಾಕೆ ಒದಗುವುದಿಲ್ಲ?

ಒಂದು ಕಾರಣ ಹಳೆಯ ಕಾಗದದಲ್ಲಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ವರ್ಕ್ಸ್ ಕಮಿಟಿ ಬಂತು. 100 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಸರ್ಕಾರ ಆದೇಶಿಸಿದರೆ ಎರಡೂ ಕಡೆಯ ಪ್ರತಿನಿಧಿಗಳ ಸಮಿತಿ ಮಾಡಬೇಕು, ಕೆಲಸಗಾರರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು. ಸಮಿತಿ ಏನು ಮಾತಾಡಬೇಕು ಎಂಬುದು ಸ್ಪಷ್ಟವಿಲ್ಲದೆ ಹನ್ನೆರಡು ವರ್ಷ ಕಳೆದ ಮೇಲೆ, 1959ರ ಭಾರತೀಯ ಕಾರ್ಮಿಕ ಸಮ್ಮೇಳನದ ಹೊತ್ತಿಗೆ ಎರಡು ಪಟ್ಟಿಗಳು ಬಂದವು. ಮಾತಾಡಬಹುದಾದ ಪಟ್ಟಿಯಲ್ಲಿ ಗಾಳಿ, ಬೆಳಕು, ಕುಡಿಯುವ ನೀರು, ಕ್ಯಾಂಟೀನು, ವಿಶ್ರಾಂತಿ ಕೋಣೆ, ಅಪಘಾತ ತಡೆ, ಹಬ್ಬದ ರಜೆಗಳ ಹೊಂದಾಣಿಕೆ. ಬೇಡದ ಪಟ್ಟಿಯಲ್ಲಿ ಕೂಲಿ, ಬೋನಸ್ಸು, ಕೆಲಸದ ಹೊರೆ, ಎಷ್ಟು ಜನ ಬೇಕು ಎಂಬ ಲೆಕ್ಕ, ಪ್ರೋತ್ಸಾಹಧನ. ಇವು ಯೂನಿಯನ್ ಮತ್ತು ಆಡಳಿತದ ನಡುವಿನ ಚೌಕಾಸಿಗೆ ಸೇರಿದವು, ಸಮಿತಿ ಆ ಜಾಗಕ್ಕೆ ಕೈಹಾಕಬಾರದು ಎಂಬುದು ಉದ್ದೇಶ. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಯೂನಿಯನ್ನೇ ಇಲ್ಲದ ಕಾರ್ಖಾನೆಯಲ್ಲಿ, ಅಂದರೆ ಇವತ್ತಿನ ಬಹುಪಾಲು ಗಾರ್ಮೆಂಟ್ಸ್ ಮತ್ತು ಬಿಡಿಭಾಗದ ಘಟಕಗಳಲ್ಲಿ, ಎರಡನೇ ಪಟ್ಟಿಯ ವಿಷಯಗಳನ್ನು ಮಾತಾಡುವ ಜಾಗವೇ ಉಳಿಯಲಿಲ್ಲ. ಹೊರೆ, ಶಿಫ್ಟು, ಟಾರ್ಗೆಟ್ಟು ನೇರ ಆಜ್ಞೆಯಾದವು. ಸಮಿತಿಯ ನಡಾವಳಿ ಪುಸ್ತಕ ತೆರೆದರೆ ವರ್ಷಗಟ್ಟಲೆ ಅದೇ ಸಾರು, ಅದೇ ಪಾಯಖಾನೆಯ ಬೀಗ, ಅದೇ ಫ್ಯಾನು.

ಕ್ಯಾಂಟೀನಿನ ಮಾತು ಕ್ಷುಲ್ಲಕ ಅಂತ ಯಾರೂ ಹೇಳಬಾರದು. ಹುಳಿ ಹಿಡಿದ ಸಾರು ಉಂಡು ಎಂಟು ಗಂಟೆ ನಿಂತವರಿಗೆ ಅದು ದೊಡ್ಡದೇ. ಆದರೆ ಸಭೆ ಅಲ್ಲೇ ನಿಂತುಬಿಟ್ಟರೆ ಎರಡೂ ಕಡೆಯವರು ಬೇಸತ್ತು ಬರುವುದನ್ನು ಬಿಡುತ್ತಾರೆ, ಕಮಿಟಿ ಲೇಬರ್ ಇನ್‌ಸ್ಪೆಕ್ಟರಿಗೆ ತೋರಿಸುವ ರಿಜಿಸ್ಟರ್ ಆಗುತ್ತದೆ.

ಪಶ್ಚಿಮ ಬಂಗಾಳದ ನಾರ್ತ್‌ಬ್ರೂಕ್ ಸೆಣಬು ಗಿರಣಿಯ ಪ್ರಕರಣವನ್ನು ಈ ವಿಷಯ ಗೊತ್ತಿರುವವರು ಆಗಾಗ ನೆನೆಯುತ್ತಾರೆ. ಅಲ್ಲಿ ಕೆಲಸದ ಹೊರೆ ಹೆಚ್ಚಿಸುವ ಯೋಜನೆಗೆ ವರ್ಕ್ಸ್ ಕಮಿಟಿ ಒಪ್ಪಿತ್ತು, ಕೆಲಸಗಾರರು ಒಪ್ಪಲಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಮಿಟಿ ಇರುವುದು ದಿನನಿತ್ಯದ ತಿಕ್ಕಾಟ ಕಡಿಮೆ ಮಾಡಲಿಕ್ಕೆ, ಅದರ ಒಪ್ಪಿಗೆ ಕೆಲಸಗಾರರ ಒಪ್ಪಿಗೆಯಾಗುವುದಿಲ್ಲ. ನಾಲ್ಕು ಜನ ಪ್ರತಿನಿಧಿಗಳನ್ನು ಕೋಣೆಗೆ ಕರೆದು ಚಹಾ ಕೊಟ್ಟು ಸಹಿ ತಗೊಂಡರೆ ನಾನ್ನೂರು ಜನ ಒಪ್ಪಿದಂತಲ್ಲ ಎಂಬ ಈ ಮಾತು ಕೋರ್ಟಿನ ಹೊರಗೂ ನಿಜ.

ನೋಟಿಸಿನ ವಿಷಯದಲ್ಲೂ ಇಂಥದೇ ಗೊಂದಲ. ಕೆಲಸದ ಗಂಟೆ, ವಿರಾಮ, ಶಿಫ್ಟಿನ ಕ್ರಮ ಬದಲಿಸುವ ಮೊದಲು 21 ದಿನದ ನೋಟಿಸ್ ಕೊಡಬೇಕು. ಹಳೆಯ ಕಾಯ್ದೆಯ 9ಎ ಹೇಳಿದ್ದನ್ನೇ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹೇಳುತ್ತದೆ. ಈ 21 ದಿನವನ್ನು ಹೆಚ್ಚಿನ ಎಚ್‌ಆರ್ ವಿಭಾಗಗಳು ಕಾಯುವ ಅವಧಿ ಅಂದುಕೊಂಡಿವೆ. ನೋಟಿಸ್ ಅಂಟಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 22ನೇ ದಿನ ಬದಲಿಸುವುದು. ತಿಳಿಸುವುದು ಬೇರೆ, ಕೇಳುವುದು ಬೇರೆ. ಇನ್ನೂ ಬದಲಾಯಿಸಲು ಸಾಧ್ಯವಿರುವ ಹೊತ್ತಿನಲ್ಲಿ ವಿಷಯ ಮುಂದಿಟ್ಟರೆ ಅದು ಕೇಳುವುದು. ಬಸ್ಸಿನ ಗುತ್ತಿಗೆಗೆ ಸಹಿ ಬಿದ್ದು, ಗಿರಾಕಿಗೆ ಮಾತು ಕೊಟ್ಟು ಮುಗಿದ ಮೇಲೆ ಅಭಿಪ್ರಾಯ ಸಂಗ್ರಹಿಸಿದರೆ ಜನಕ್ಕೆ ಗೊತ್ತಾಗುತ್ತದೆ, ಮುಂದಿನ ಸಲ ನಿಜವಾಗಿ ಕೇಳಿದರೂ ಬಾಯಿ ಬಿಡುವುದಿಲ್ಲ.

ಶಿಫ್ಟಿನ ವಿಷಯವನ್ನೇ ಹಿಡಿದು ನೋಡೋಣ. ಒಟ್ಟಿಗೆ ತೀರ್ಮಾನಿಸುವುದೆಂದರೆ ಕೈಗೆ ಸಿಗುವ ಕೆಲಸವಾಗಿ ಹೇಗಿರುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಹಗಲೂ ರಾತ್ರಿ ನಿಲ್ಲದೆ ಓಡುವ ಘಟಕ ಅಂದುಕೊಳ್ಳಿ. ವಾರಕ್ಕೆ 168 ಗಂಟೆ. ಮೂರು ಗ್ರೂಪ್ ಇಟ್ಟರೆ ತಲಾ 56 ಗಂಟೆ ಬೀಳುತ್ತದೆ, ಕಾನೂನಿನ ಮಿತಿ 48. ಆದ್ದರಿಂದ ನಾಲ್ಕು ಗ್ರೂಪ್ ಬೇಕೇ ಬೇಕು, ಆಗ ಸರಾಸರಿ 42 ಗಂಟೆ. ನಾಲ್ಕು ಗ್ರೂಪ್ ಓಡಿಸಲು ಎರಡು ಸುಲಭ ದಾರಿಗಳಿವೆ. ಒಂದು, ಎಂಟು ಗಂಟೆಯ ಪಟ್ಟಿ: ಎರಡು ದಿನ ಫಸ್ಟ್ ಶಿಫ್ಟ್, ಎರಡು ದಿನ ಸೆಕೆಂಡ್, ಎರಡು ನೈಟ್, ಎರಡು ದಿನ ರಜೆ. ಇನ್ನೊಂದು, ಹನ್ನೆರಡು ಗಂಟೆಯ ಪಟ್ಟಿ: ಎರಡು ಹಗಲು, ಎರಡು ರಾತ್ರಿ, ನಾಲ್ಕು ದಿನ ರಜೆ. ಎರಡೂ ಎಂಟು ದಿನದ ಚಕ್ರ, ಎರಡರಲ್ಲೂ ಯಾವುದೇ ಏಳು ದಿನ ತಗೊಂಡರೂ 48 ಗಂಟೆ ಮೀರುವುದಿಲ್ಲ. 2023ರಲ್ಲಿ ಕರ್ನಾಟಕ ಫ್ಯಾಕ್ಟರೀಸ್ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯೊಳಗೆ, ಕೆಲಸಗಾರರ ಲಿಖಿತ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆಯವರೆಗೆ ಕೆಲಸಕ್ಕೆ ದಾರಿ ಮಾಡಿದ ಮೇಲೆ ಈ ಎರಡನೇ ಪಟ್ಟಿಯ ಮಾತು ಹೆಚ್ಚಾಗಿದೆ. ಲಿಖಿತ ಒಪ್ಪಿಗೆ ಎಂದರೆ ಬಹಳ ಕಡೆ ಸಾಲಿನಲ್ಲಿ ನಿಲ್ಲಿಸಿ ಫಾರಂಗೆ ಸಹಿ ಹಾಕಿಸುವುದು. ಒಬ್ಬೊಬ್ಬರೇ ಮೇಜಿನ ಮುಂದೆ ನಿಂತಾಗ ಯಾರೂ ಇಲ್ಲ ಅನ್ನಲಾರರು.

ಬದಲಿಗೆ ಮಾಡಬೇಕಾದದ್ದು ಎರಡೂ ಪಟ್ಟಿಗಳ ಲೆಕ್ಕವನ್ನು ಬಿಡಿಸಿ ಮುಂದಿಡುವುದು. 56 ದಿನದ ಲೆಕ್ಕ ಹಾಕಿ, ಯಾಕೆಂದರೆ ಎಂಟು ದಿನದ ಚಕ್ರ ಏಳು ದಿನದ ವಾರದ ಜೊತೆ ಸರಿಯಾಗಿ ಕೂಡಲು ಅಷ್ಟು ಬೇಕು. ಎಂಟು ಗಂಟೆಯ ಪಟ್ಟಿಯಲ್ಲಿ 42 ದಿನ ಕಾರ್ಖಾನೆಗೆ ಬರಬೇಕು, ಹನ್ನೆರಡರದ್ದರಲ್ಲಿ 28 ದಿನ. ಓಡಾಟ ಮೂರರಲ್ಲೊಂದು ಪಾಲು ಕಡಿಮೆ. ಎಂಟು ಭಾನುವಾರಗಳಲ್ಲಿ ಮೊದಲ ಪಟ್ಟಿಯವರಿಗೆ ಎರಡು ಭಾನುವಾರ ಮನೆ, ಎರಡನೇ ಪಟ್ಟಿಯವರಿಗೆ ನಾಲ್ಕು. ರಾತ್ರಿಗಳ ಸಂಖ್ಯೆ ಎರಡರಲ್ಲೂ 14, ಆದರೆ ಒಂದರಲ್ಲಿ ರಾತ್ರಿ ಕೆಲಸ 112 ಗಂಟೆ, ಇನ್ನೊಂದರಲ್ಲಿ 168. ರಜೆಯ ಲೆಕ್ಕವನ್ನೂ ಬಿಚ್ಚಿ ಹೇಳಬೇಕು. ಎಂಟು ಗಂಟೆಯ ಪಟ್ಟಿಯ ಎರಡು ದಿನ ರಜೆ ಎಂದರೆ ನೈಟ್ ಮುಗಿಸಿ ಬೆಳಿಗ್ಗೆ 6ಕ್ಕೆ ಹೊರಟು ಮತ್ತೆ 6ಕ್ಕೆ ಹಾಜರಾಗುವವರೆಗಿನ 48 ಗಂಟೆ, ಅದರಲ್ಲಿ ಮೊದಲ ಹಗಲು ನಿದ್ದೆಗೇ ಹೋಯಿತು. ಹನ್ನೆರಡರದ್ದರಲ್ಲಿ ಅದು 96 ಗಂಟೆ.

ಇಷ್ಟು ಅಂಕಿ ಬೋರ್ಡಿನ ಮೇಲೆ ಬಂದ ಕೂಡಲೇ ಮಾತಿನ ದಿಕ್ಕು ಬದಲಾಗುತ್ತದೆ. ಹನ್ನೆರಡು ಗಂಟೆ ಬೇಕೋ ಬೇಡವೋ ಎಂಬ ಕೂಗಾಟ ಹೋಗಿ, ಯಾರಿಗೆ ಯಾವುದು ಭಾರ ಎಂಬ ಪ್ರಶ್ನೆ ಬರುತ್ತದೆ. ಹಾರೋಹಳ್ಳಿ, ದಾಬಸ್‌ಪೇಟೆ, ನರಸಾಪುರದಂಥ ಕಡೆ ಸುತ್ತಲ ಹಳ್ಳಿಯಿಂದ ಬರುವವರಿಗೆ ಹೊಲ ಇದೆ, ರೇಷ್ಮೆ ಹುಳು ಇದೆ. ನಾಲ್ಕು ದಿನ ಬಿಡುವು ಅವರಿಗೆ ಚಿನ್ನ. ಕುಲುಮೆಯ ಎದುರು, ಪೇಂಟ್ ಬೂತಿನೊಳಗೆ, ಭಾರ ಎತ್ತುವ ಕಡೆ ನಿಲ್ಲುವವರಿಗೆ ಹತ್ತನೇ ಗಂಟೆ ದಾಟಿದರೆ ಕೈ ಸೋಲುತ್ತದೆ. ಸಣ್ಣ ಮಕ್ಕಳ ತಾಯಿಗೆ ಎಂಟೂ ಹನ್ನೆರಡೂ ಅಲ್ಲ, ಮಗುವನ್ನು ನೋಡಿಕೊಳ್ಳುವವರು ಸಿಗುವ ಸಮಯ ಮುಖ್ಯ. ಐವತ್ತು ದಾಟಿದವರಿಗೆ ರಾತ್ರಿಯ ಉದ್ದವೇ ಚಿಂತೆ. ಹೀಗೆ ಬಿಡಿಸಿ ನೋಡಿದಾಗ ಇಡೀ ಘಟಕಕ್ಕೆ ಒಂದೇ ಪಟ್ಟಿ ಬೇಕೇ ಎಂಬುದೂ ಪ್ರಶ್ನೆಯಾಗುತ್ತದೆ. ಜೋಡಣೆ ವಿಭಾಗಕ್ಕೆ ಹನ್ನೆರಡು, ಕುಲುಮೆಗೆ ಎಂಟು ಇರಬಹುದು, ಬಸ್ಸು ಮತ್ತು ಕ್ಯಾಂಟೀನಿನ ಸಮಯ ಹೊಂದಿದರೆ ಸಾಕು.

ಮ್ಯಾನೇಜ್‌ಮೆಂಟಿನ ಕಷ್ಟವೂ ಅಷ್ಟೇ ಬಿಚ್ಚಿ ಬರಬೇಕು. ಹನ್ನೆರಡರ ಪಟ್ಟಿಯಲ್ಲಿ ಕೆಲಸ ಒಪ್ಪಿಸುವ ಹೊತ್ತು ದಿನಕ್ಕೆ ಮೂರರ ಬದಲು ಎರಡೇ, ಅಲ್ಲಿ ಆಗುವ ತಪ್ಪು ಕಡಿಮೆ. ಆದರೆ ಗೈರುಹಾಜರಿ ಬಂದರೆ ಕೈ ಕಟ್ಟಿದಂತೆ. ಎಂಟರ ಪಟ್ಟಿಯಲ್ಲಿ ಒಬ್ಬ ಬರದಿದ್ದರೆ ಹಿಂದಿನ ಶಿಫ್ಟಿನವನು ನಾಲ್ಕು ಗಂಟೆ ನಿಂತು, ಮುಂದಿನವನು ನಾಲ್ಕು ಗಂಟೆ ಮುಂಚೆ ಬಂದು ತುಂಬಬಹುದು. ಹನ್ನೆರಡು ಮುಗಿಸಿದವನನ್ನು ನಿಲ್ಲಿಸಿಕೊಳ್ಳುವಂತಿಲ್ಲ, ರಜೆಯಲ್ಲಿರುವ ಗ್ರೂಪಿನಿಂದ ಕರೆಯಬೇಕು. ಕರೆದರೆ ಅವನ ವಾರ 48 ದಾಟಿ 60ಕ್ಕೆ ಹೋಗಬಹುದು, ಓಟಿಗೆ, ಅಂದರೆ ಹೆಚ್ಚುವರಿ ಗಂಟೆಗೆ, ದುಪ್ಪಟ್ಟು ಕೂಲಿ ಕೊಡಬೇಕು, ಅವನ ನಾಲ್ಕು ದಿನದ ಬಿಡುವೂ ಮುರಿಯಿತು. ಮೊದಲೇ ತೀರ್ಮಾನ ಆಗಬೇಕಾದದ್ದು ಇದು: ಪ್ರತಿ ಗ್ರೂಪಿನಲ್ಲಿ ಬದಲಿಗೆ ನಿಲ್ಲುವ ರಿಲೀವರ್ ಎಷ್ಟು ಜನ ಇರಬೇಕು, ರಜೆಯಲ್ಲಿರುವವರಿಗೆ ಫೋನ್ ಮಾಡಬಹುದೇ, ಮಾಡಿದರೆ ಬರುವುದಿಲ್ಲ ಅನ್ನುವ ಹಕ್ಕು ಇದೆಯೇ. ಹನ್ನೆರಡರ ಪಟ್ಟಿ ನೆಲ ಕಚ್ಚಿದ ಕಡೆಯಲ್ಲೆಲ್ಲ ಕೆಡುವುದು ಈ ಜಾಗದಲ್ಲೇ. ನಾಲ್ಕು ದಿನ ರಜೆ ಎಂದು ಹೇಳಿ ಎರಡನೇ ದಿನವೇ ಫೋನ್ ಬರತೊಡಗಿದರೆ ಜನ ಫೋನ್ ಆಫ್ ಮಾಡಿ ಕೂರುತ್ತಾರೆ.

ಪ್ರಯೋಗ ಮಾಡುವುದಾದರೆ 56 ದಿನ ಪೂರ್ತಿ ಮಾಡಿ. ಒಂದು ತಿಂಗಳಿಗೆ ನಿಲ್ಲಿಸಿದರೆ ಒಂದು ಗ್ರೂಪಿಗೆ ಒಳ್ಳೆ ಭಾನುವಾರಗಳು ಬಿದ್ದಿರುತ್ತವೆ, ಇನ್ನೊಂದಕ್ಕೆ ಬಿದ್ದಿರುವುದಿಲ್ಲ, ಮತ ಅದರ ಮೇಲೆ ಹೋಗುತ್ತದೆ. ಏನನ್ನು ಅಳೆಯುತ್ತೇವೆ ಎಂಬುದು ಶುರುವಾಗುವ ಮೊದಲೇ ಬರೆದಿರಬೇಕು: ಶಿಫ್ಟಿನ ಕೊನೆಯ ಎರಡು ಗಂಟೆಯ ರಿಜೆಕ್ಷನ್, ಪ್ರಥಮ ಚಿಕಿತ್ಸೆ ರಿಜಿಸ್ಟರಿನಲ್ಲಿ ಯಾವ ಗಂಟೆಯ ಗಾಯ ಎಷ್ಟು, ಎರಡನೇ ರಾತ್ರಿಯ ಗೈರುಹಾಜರಿ, ಓಟಿ ಗಂಟೆ, ಬಸ್ಸು ತಡವಾದ ದಿನ. ಒಟ್ಟು ಉತ್ಪಾದನೆ ಮಾತ್ರ ನೋಡಿದರೆ ಸಾಲದು, ಮೊದಲ ತಿಂಗಳ ಹುರುಪಿನಲ್ಲಿ ಅದು ಹೇಗೂ ಏರಬಹುದು. ಯಾವ ಅಂಕಿ ಎಲ್ಲಿಗೆ ಬಂದರೆ ಹಳೆಯ ಪಟ್ಟಿಗೆ ಮರಳುತ್ತೇವೆ ಎಂಬ ಒಂದು ಸಾಲೂ ಅದೇ ಹಾಳೆಯಲ್ಲಿ ಇರಲಿ. ಹಿಂದೆ ಬರುವ ದಾರಿ ಬರೆದಿಟ್ಟರೆ ಮುಂದೆ ಹೋಗಲು ಹೆದರಿಕೆ ಕಡಿಮೆ.

ಕೊನೆಗೆ ಮತ ಚೀಟಿಯಲ್ಲೇ ಹಾಕಿಸಬೇಕು. ಹಬ್ಬಕ್ಕೆ ಕೈ ಎತ್ತಿದಂತೆ ಶಿಫ್ಟಿಗೆ ಕೈ ಎತ್ತಿಸಬಾರದು. ಫ್ಲೋರ್ ಇನ್‌ಚಾರ್ಜ್ ನಿಂತು ನೋಡುತ್ತಿರುವಾಗ ಎತ್ತಿದ ಕೈ ಲೆಕ್ಕಕ್ಕಿಲ್ಲ. ಎಣಿಕೆ ವಿಭಾಗವಾರು ಆಗಲಿ. ಹಗಲು ಮಾತ್ರ ಕೆಲಸ ಮಾಡುವ ಆಫೀಸಿನವರ ಮತದಿಂದ ಕುಲುಮೆಯವರ ರಾತ್ರಿ ತೀರ್ಮಾನವಾಗಬಾರದು.

ಜರ್ಮನಿಯಲ್ಲಿ ಇದು ಕಾನೂನಿನಲ್ಲೇ ಇದೆ. ಅಲ್ಲಿ ಕೆಲಸಕ್ಕೆ ಹೋದ ಕನ್ನಡಿಗ ಇಂಜಿನಿಯರುಗಳಿಗೆ ಬೆಟ್ರೀಬ್ಸ್‌ರಾಟ್ ಎಂಬ ಹೆಸರು ಪರಿಚಿತ: ಕೆಲಸಗಾರರೇ ಆರಿಸುವ ಮಂಡಳಿ, ಐದು ಜನ ಖಾಯಂ ನೌಕರರಿರುವ ಕಡೆಯೂ ರಚಿಸಬಹುದು. 1972ರ ಕಾಯ್ದೆಯ 87ನೇ ಕಲಮಿನ ಪ್ರಕಾರ ದಿನದ ಕೆಲಸ ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ವಿರಾಮ, ವಾರದ ದಿನಗಳ ಹಂಚಿಕೆ, ರಜೆಯ ಯೋಜನೆ ಇವುಗಳನ್ನು ಆ ಮಂಡಳಿಯ ಒಪ್ಪಿಗೆಯಿಲ್ಲದೆ ಮಾಲೀಕರು ಜಾರಿ ಮಾಡುವಂತಿಲ್ಲ. ಒಪ್ಪಂದ ಆಗದಿದ್ದರೆ ಎರಡೂ ಕಡೆಯ ಸಮಸಂಖ್ಯೆಯ ಸದಸ್ಯರು ಮತ್ತು ಹೊರಗಿನ ತಟಸ್ಥ ಅಧ್ಯಕ್ಷರಿರುವ ಮಧ್ಯಸ್ಥ ಮಂಡಳಿ ತೀರ್ಮಾನಿಸುತ್ತದೆ. ನಮ್ಮಲ್ಲಿ ಬೇಡದ ಪಟ್ಟಿಯ ಕಡೆ ಜಾರಿದ ವಿಷಯ ಅಲ್ಲಿ ಕಡ್ಡಾಯದ ಪಟ್ಟಿಯಲ್ಲಿದೆ.

ನಮ್ಮ ಹೊಸ ಸಂಹಿತೆಯಲ್ಲೂ ಒಂದು ಒಳ್ಳೆಯ ನಿಯಮ ಬಂದಿದೆ. 20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಒಟ್ಟು ಹತ್ತು ಜನ ಮೀರಬಾರದು, ಎರಡೂ ಕಡೆ ಸಮ. ಅಧ್ಯಕ್ಷತೆ ಒಂದು ವರ್ಷ ಆಡಳಿತದ ಕಡೆಗೆ, ಮುಂದಿನ ವರ್ಷ ಕೆಲಸಗಾರರ ಕಡೆಗೆ. ಹೆಂಗಸರು ಕೆಲಸಗಾರರಲ್ಲಿ ಎಷ್ಟು ಪಾಲೋ ಸಮಿತಿಯಲ್ಲೂ ಅದಕ್ಕಿಂತ ಕಡಿಮೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಮತದ ನಿಯಮ: ಬಹುಮತ ಬಂದರೆ ಸಾಲದು, ಕೆಲಸಗಾರರ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿರಬೇಕು, ಇಲ್ಲವಾದರೆ ತೀರ್ಮಾನವೇ ಆಗಿಲ್ಲ ಎಂದು ಅರ್ಥ. ಹತ್ತು ಜನರಲ್ಲಿ ಆಡಳಿತದ ಐವರು ಒಟ್ಟಾಗಿ, ಕೆಲಸಗಾರರ ಕಡೆಯಿಂದ ಒಬ್ಬರನ್ನು ಸೆಳೆದುಕೊಂಡು ಆರು ಮತ ಮಾಡಿಕೊಳ್ಳುವ ಆಟಕ್ಕೆ ಇದು ಬಾಗಿಲು ಮುಚ್ಚುತ್ತದೆ. ಈ ಸಮಿತಿ ಇರುವುದು ಒಬ್ಬೊಬ್ಬರ ದೂರಿಗೆ. ಆದರೆ ಈ ಮತದ ನಿಯಮವನ್ನು ವರ್ಕ್ಸ್ ಕಮಿಟಿಯೂ ತಾನಾಗಿ ಅಳವಡಿಸಿಕೊಂಡರೆ ಅಡ್ಡಿಯೇನಿಲ್ಲ.

ಇನ್ನು ಟಾರ್ಗೆಟ್ಟಿನ ವಿಷಯ. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೊಮ್ಮೆ ಬರುವ ಬೈಗುಳಕ್ಕೆ ಅರ್ಧ ಕಾರಣ ಒಂದು ಗುಣಾಕಾರ. ಉದಾಹರಣೆಗೆ ಒಂದು ಶರ್ಟು ಹೊಲಿಯಲು ನಿಗದಿತ ಸಮಯ 20 ನಿಮಿಷ, ಲೈನಿನಲ್ಲಿ 40 ಟೈಲರ್, ದಿನಕ್ಕೆ 480 ನಿಮಿಷ. ನೂರಕ್ಕೆ ನೂರು ಓಡಿದರೆ 960 ಶರ್ಟು. ಯಾವ ಲೈನೂ ನೂರಕ್ಕೆ ನೂರು ಓಡದು. ಶೇಕಡಾ 60 ಎಂದು ಹಿಡಿದರೆ 576, ಗಂಟೆಗೆ 72. ಬೋರ್ಡಿನಲ್ಲಿ 72 ಎಂದು ಬರೆಯುತ್ತಾರೆ. ಸೋಮವಾರ ನಾಲ್ಕು ಜನ ಬಂದಿಲ್ಲ. 36 ಜನಕ್ಕೆ ಅದೇ ಲೆಕ್ಕ ಹಾಕಿದರೆ 518, ಗಂಟೆಗೆ ಸುಮಾರು 65. ಬೋರ್ಡು ಮಾತ್ರ 72 ಅನ್ನುತ್ತಲೇ ಇರುತ್ತದೆ. ಆ ಏಳು ಶರ್ಟಿಗಾಗಿ ನೀರು ಕುಡಿಯಲು ಎದ್ದವಳ ಮೇಲೆ ಕೂಗು ಬೀಳುತ್ತದೆ, ಅವಸರದಲ್ಲಿ ಕಾಲರು ಸೊಟ್ಟ ಹೋಗಿ ಸಂಜೆ ಆಲ್ಟರೇಶನ್ ರಾಶಿ ಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಯಲು ಹೋದ ಸಮಯ ಯಾವ ಬೋರ್ಡಿನಲ್ಲೂ ಇಲ್ಲ.

ಇಲ್ಲಿ ಒಟ್ಟಿಗೆ ತೀರ್ಮಾನಿಸಬೇಕಾದದ್ದು ಟಾರ್ಗೆಟ್ಟಿನ ಅಂಕಿಯಲ್ಲ, ಅದು ಬದಲಾಗುವ ನಿಯಮ. ಬೆಳಿಗ್ಗೆ ಹಾಜರಾತಿ ನೋಡಿ ಮೊದಲ ಅರ್ಧ ಗಂಟೆಯೊಳಗೆ ಅಂಕಿ ಮರುಬರೆಯುವುದು. ಹೊಸ ಸ್ಟೈಲ್ ಲೈನಿಗೆ ಬಂದ ಮೊದಲ ದಿನಗಳಿಗೆ ಬೇರೆ ಏಣಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಕಿ. ಮೆಷಿನ್ ಕೆಟ್ಟು ನಿಂತ ನಿಮಿಷ, ಕಟಿಂಗ್‌ನಿಂದ ಬಂಡಲ್ ಬರದೆ ಕೂತ ನಿಮಿಷ ಕಳೆಯುವುದು. ಯಾವ ಕಾರ್ಯದಲ್ಲಿ ರಾಶಿ ಕಟ್ಟುತ್ತದೆ ಎಂಬುದು ಅದರ ಮುಂದಿನ ಸೀಟಿನಲ್ಲಿ ಕೂತವಳಿಗೆ ಸೂಪರ್‌ವೈಸರಿಗಿಂತ ಮೊದಲೇ ಗೊತ್ತಿರುತ್ತದೆ. ಸ್ಲೀವ್ ಕೂಡಿಸುವಲ್ಲಿ ಇಬ್ಬರ ಬದಲು ಮೂವರಿರಲಿ ಎಂದು ಅವಳು ಹೇಳುವ ಮಾತಿಗೆ ಜಾಗ ಬೇಕು. ಟೊಯೋಟಾ ತನ್ನ ಜೋಡಣೆ ಸಾಲಿನಲ್ಲಿ ಹಗ್ಗ ಕಟ್ಟಿದ್ದು ಈ ಕಾರಣಕ್ಕೇ. ತೊಂದರೆ ಕಂಡ ಯಾವ ಕೆಲಸಗಾರನೂ ಎಳೆಯಬಹುದು, ತಂಡದ ಮುಖಂಡ ಓಡಿ ಬರುತ್ತಾನೆ, ಕಾರು ಗೊತ್ತುಮಾಡಿದ ಗುರುತು ದಾಟುವುದರೊಳಗೆ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. 1984ರಲ್ಲಿ ಜನರಲ್ ಮೋಟಾರ್ಸ್ ಜೊತೆ ಸೇರಿ ಅಮೆರಿಕದ ಫ್ರೀಮಾಂಟ್‌ನಲ್ಲಿ ಶುರುಮಾಡಿದ ಘಟಕಕ್ಕೂ ಆ ಹಗ್ಗ ಹೋಯಿತು. ಅಲ್ಲಿ ಸೇರಿದವರಲ್ಲಿ ಹೆಚ್ಚಿನವರು ಅದೇ ಜಾಗದಲ್ಲಿ ಮೊದಲಿದ್ದ, ಮುಷ್ಕರ, ಗೈರುಹಾಜರಿಗಳಿಗೆ ಹೆಸರಾಗಿದ್ದ ಜನರಲ್ ಮೋಟಾರ್ಸ್‌ನ ಹಳೆಯ ಘಟಕದ ಕೆಲಸಗಾರರು, ಅದೇ ಯೂನಿಯನ್ನಿನವರು. ಅದೇ ಕೈಗಳಿಂದ ಗುಣಮಟ್ಟದ ಕಾರು ಬಂತು. ಹಗ್ಗ ಮಾತ್ರ ನಕಲು ಮಾಡಿ, ಎಳೆದವನನ್ನು ಗದರಿಸಿದ ಕಡೆ ಅದು ತೂಗುವ ಹಗ್ಗವಾಗಿಯೇ ಉಳಿಯಿತು.

ಕೇಳದೆ ಮಾಡಿದ ತೀರ್ಮಾನದ ಬೆಲೆ ಬೆಂಗಳೂರು ಕಣ್ಣಾರೆ ನೋಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಿತು. ಮುಪ್ಪಿಗೆ ಹಣ ಉಳಿಯಲಿ ಎಂಬುದು ಉದ್ದೇಶ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ, ನಗರದ ಇತರ ರಸ್ತೆಗಳಿಗೆ ಇಳಿದರು. 19ರಂದೇ ಸರ್ಕಾರ ಆದೇಶ ವಾಪಸು ತಗೊಂಡಿತು. ಹೊಲಿಗೆಯಲ್ಲಿ 58ರವರೆಗೆ ಕೂರುವವರು ಯಾರು? ಕೆಲವು ವರ್ಷ ದುಡಿದು, ಬಿಟ್ಟು, ಆ ಪಿಎಫ್ ಹಣದಲ್ಲಿ ಮಗಳ ಮದುವೆಯೋ, ಮಗನ ಫೀಸೋ, ಬಡ್ಡಿ ಸಾಲವೋ ತೀರಿಸುವುದು ಅವರ ಲೆಕ್ಕ. ಬೊಮ್ಮನಹಳ್ಳಿಯ ಯಾವುದೇ ಗೇಟಿನ ಮುಂದೆ ಸಂಜೆ ಐದೂವರೆಗೆ ಹತ್ತು ಜನರನ್ನು ಕೇಳಿದ್ದರೂ ಇದು ತಿಳಿಯುತ್ತಿತ್ತು. ಒಳ್ಳೆಯ ಉದ್ದೇಶ ಕೇಳುವ ಕೆಲಸವನ್ನು ತಪ್ಪಿಸುವುದಿಲ್ಲ.

ಸಭೆ ನಡೆಸುವ ರೀತಿಯ ಬಗ್ಗೆ ಹೇಳಲೇಬೇಕಾದ ಕೆಲವು ಮಾತುಗಳಿವೆ. ಸಭೆ ಕೆಲಸದ ಹೊತ್ತಿನಲ್ಲೇ ಇರಲಿ, ಆ ಹೊತ್ತಿಗೆ ಕೂಲಿ ಇರಲಿ. ಪ್ರತಿನಿಧಿ ಒಂದು ಗಂಟೆ ಎದ್ದು ಹೋದಾಗ ಅವಳ ಮೆಷಿನ್ನಿಗೆ ಬೇರೆಯವರು ಕೂರಬೇಕು, ಇಲ್ಲವೇ ಲೈನಿನ ಟಾರ್ಗೆಟ್ ಇಳಿಯಬೇಕು. ಎರಡೂ ಆಗದಿದ್ದರೆ ಪಕ್ಕದವಳ ಮೇಲೆ ಹೊರೆ ಬೀಳುತ್ತದೆ, ಅಲ್ಲಿಗೆ ಆ ಲೈನಿನವರಿಗೆ ಕಮಿಟಿ ಎಂದರೆ ಸಿಟ್ಟು. ಎಷ್ಟೋ ಪ್ರತಿನಿಧಿಗಳು ಸಭೆಗೆ ಬರುವುದನ್ನು ಬಿಡಲು ಇದಕ್ಕಿಂತ ದೊಡ್ಡ ಕಾರಣವಿರುವುದಿಲ್ಲ. ವಿಷಯಪಟ್ಟಿ ಒಂದು ವಾರ ಮೊದಲು ಅಂಟಿಸಿದರೆ ಅವಳಿಗೆ ಊಟದ ಹೊತ್ತಿನಲ್ಲಿ ಹತ್ತು ಜನರನ್ನು ಕೇಳಿ ಬರಲು ಸಮಯ ಸಿಗುತ್ತದೆ. ಕೋಣೆಯಲ್ಲೇ ಮೊದಲ ಸಲ ಓದಿ ಹೇಳಿದರೆ ಅವಳು ತನ್ನೊಬ್ಬಳ ಅಭಿಪ್ರಾಯವನ್ನಷ್ಟೇ ಹೇಳಬಲ್ಲಳು.

ನಡಾವಳಿ ಕನ್ನಡದಲ್ಲಿರಲಿ, ಹೊರ ರಾಜ್ಯದವರು ಹೆಚ್ಚಿದ್ದರೆ ಅವರ ಭಾಷೆಯಲ್ಲೂ ಇರಲಿ. ಹಾಳೆಯಲ್ಲಿ ವಿಷಯ, ತೀರ್ಮಾನ, ಯಾರು ಮಾಡುತ್ತಾರೆ, ಯಾವ ತಾರೀಕಿನೊಳಗೆ ಎಂಬ ನಾಲ್ಕು ಅಂಕಣ ಇದ್ದರೆ ಹೆಚ್ಚಿನ ಕಡೆ ಸಾಕು ಅಂದುಕೊಳ್ಳುತ್ತಾರೆ. ಐದನೆಯದೂ ಬೇಕು: ಆಗುವುದಿಲ್ಲ ಎಂದರೆ ಯಾಕೆ. ಕೆಲಸಗಾರರು ಎಲ್ಲಕ್ಕೂ ಹೌದು ಅನ್ನಿಸಿಕೊಳ್ಳಲು ಬರುವುದಿಲ್ಲ. ಏಳು ದಿನದೊಳಗೆ ಕಾರಣ ಸಮೇತ ಬಂದ ಇಲ್ಲ ಎಂಬ ಉತ್ತರವನ್ನು ಅವರು ಒಪ್ಪಿಕೊಳ್ಳುತ್ತಾರೆ. ಮೂರು ಸಭೆಯಿಂದ ಪರಿಶೀಲನೆಯಲ್ಲಿದೆ ಎಂಬುದನ್ನು ಯಾರೂ ಒಪ್ಪುವುದಿಲ್ಲ.

ಇನ್ನೊಬ್ಬರನ್ನು ಎಲ್ಲರೂ ಮರೆಯುತ್ತಾರೆ: ಲೈನ್ ಸೂಪರ್‌ವೈಸರ್. ಅವರು ಕೆಲಸಗಾರರ ಪ್ರತಿನಿಧಿಯೂ ಅಲ್ಲ, ಆಡಳಿತದ ಮೇಜಿನಲ್ಲಿ ಕುರ್ಚಿಯೂ ಇಲ್ಲ. ಸಭೆಯ ತೀರ್ಮಾನ ಅವರಿಗೆ ತಿಳಿಯುವುದು ತಮ್ಮ ಕೈಕೆಳಗಿನವರ ಬಾಯಿಂದ, ಅದೂ ‘ಮೇಡಂ ಹೇಳಿದ್ದಾರೆ, ಇನ್ನು ಮೇಲೆ ಹೀಗೆ’ ಎಂಬ ಧಾಟಿಯಲ್ಲಿ. ಅವಮಾನವಾಗದೆ ಇರುತ್ತದೆಯೇ? ಮೇಲಿನಿಂದ ಅದೇ ಹಳೆಯ ಅಂಕಿಗೆ ಒತ್ತಡ, ಕೆಳಗಿನಿಂದ ಹೊಸ ನಿಯಮ. ಒಪ್ಪಂದಗಳು ಸದ್ದಿಲ್ಲದೆ ಸಾಯುವುದು ಈ ನಡುವಿನ ಜಾಗದಲ್ಲಿ. ಸಭೆ ಮುಗಿದ ದಿನವೇ, ಕೆಲಸಗಾರರಿಗೆ ಹೇಳುವ ಮೊದಲು, ಸೂಪರ್‌ವೈಸರುಗಳನ್ನು ಕೂರಿಸಿ ಹದಿನೈದು ನಿಮಿಷ ತಿಳಿಸಬೇಕು. ಶಿಫ್ಟ್, ಟಾರ್ಗೆಟ್‌ನಂಥ ವಿಷಯಕ್ಕೆ ಅವರಲ್ಲಿ ಇಬ್ಬರನ್ನು ಮೊದಲಿನಿಂದಲೇ ಕೂರಿಸಿಕೊಳ್ಳಬೇಕು. ಬೋರ್ಡಿನ ಅಂಕಿ ಇಳಿದರೆ ಅವರ ಮೇಲಿನವರು ಅವರನ್ನು ಕೇಳುವ ಅಂಕಿಯೂ ಇಳಿಯಬೇಕು.

ಕೊನೆಯ ಕಷ್ಟ ಗುತ್ತಿಗೆಯವರದ್ದು. ಒಂದೇ ಲೈನಿನಲ್ಲಿ ಒಂದೇ ಬಣ್ಣದ ಅಂಗಿ ಹಾಕಿ, ಒಂದೇ ಹನ್ನೆರಡು ಗಂಟೆ ನಿಲ್ಲುವವರಲ್ಲಿ ಅರ್ಧ ಜನ ಕಂಟ್ರಾಕ್ಟರ್ ಪಟ್ಟಿಯಲ್ಲಿರುತ್ತಾರೆ. ಕಮಿಟಿಯಲ್ಲಿ ಅವರ ಕಡೆಯವರು ಯಾರೂ ಇರುವುದಿಲ್ಲ. ಅವರನ್ನು ಬಿಟ್ಟು ಮಾಡಿದ ಶಿಫ್ಟ್ ಪಟ್ಟಿ ಕಾಗದದ ಮೇಲೆ ಅರ್ಧ ಕಾರ್ಖಾನೆಯದ್ದು. ಖಾಯಂ ನೌಕರರು ಬಿಟ್ಟ ರಾತ್ರಿಗಳೆಲ್ಲ ಅವರ ಪಾಲಿಗೆ ಬಂದು, ಆರು ತಿಂಗಳಲ್ಲಿ ಅವರು ಕೆಲಸ ಬಿಟ್ಟು, ಹೊಸಬರಿಗೆ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಸದಸ್ಯರಾಗಿ ಸೇರಿಸಲು ಕಾನೂನಿನ ತೊಡಕು ಹೇಳುವವರಿದ್ದಾರೆ. ಆಹ್ವಾನಿತರಾಗಿ ಕೂರಿಸಲು ಯಾವ ತೊಡಕೂ ಇಲ್ಲ, ಪ್ರಯೋಗದ 56 ದಿನದ ಕೊನೆಗೆ ಅವರ ಚೀಟಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿಸಿ ಎಣಿಕೆಯನ್ನು ಪಕ್ಕದಲ್ಲಿ ಬರೆಯಲೂ ತೊಡಕಿಲ್ಲ. ಅದಕ್ಕೂ ಮೊದಲು, ಬರುವ ಡಿಸೆಂಬರಿನಲ್ಲಿ ಐದನೇ ಹಬ್ಬ ಯಾವುದು ಎಂದು ಕೇಳುವಾಗ ಅವರ ಸಾಲಿಗೂ ಹೋಗಿ ಕೇಳಬಹುದು.